ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆಯಲ್ಲಿ ಕಚೇರಿಯ ಫೋನು

ಪ್ರಶ್ನೆ: ಮುಂಬಯಿಯ ಫೋರ್ಟ್ ಭಾಗದಲ್ಲಿ ತೆರಿಗೆ ಸಲಹೆಯ ಸಣ್ಣದೊಂದು ಕಚೇರಿ ನಡೆಸುತ್ತಿದ್ದೇನೆ. ಐವರು ನೌಕರರಲ್ಲಿ ನಾಲ್ವರು ಈಗ ಡೊಂಬಿವಲಿ, ಕಲ್ಯಾಣ, ವಿರಾರ್, ಪನ್ವೇಲ್‌ಗಳಲ್ಲಿರುವ ತಮ್ಮ ಮನೆಗಳಿಂದಲೇ ಕೆಲಸ ಮಾಡುತ್ತಾರೆ. ಕಕ್ಷಿಗಾರರು ಹೊತ್ತುಗೊತ್ತಿಲ್ಲದೆ ಅವರ ಸ್ವಂತ ಮೊಬೈಲಿಗೆ ಕರೆ ಮಾಡುತ್ತಾರೆಂಬುದು ನೌಕರರ ದೂರು. ಎಲ್ಲ ಕರೆಗಳೂ ಕಚೇರಿಯ 022 ಸಂಖ್ಯೆಯ ಮೂಲಕವೇ ಆಗಬೇಕೆಂದು ಇಂಟರ್‌ನೆಟ್ ಫೋನು ಹಾಕಿಸಲು ಹೊರಟರೆ, ಅಂಗಡಿಯವರು ಬಣ್ಣದ ಪರದೆಯ ಐದು ಸೆಟ್ಟುಗಳಿಗೆ ದರಪಟ್ಟಿ ಕೊಟ್ಟಿದ್ದಾರೆ. ಇದಕ್ಕಿಂತ ಕಡಿಮೆ ಖರ್ಚಿನ ದಾರಿ ಇದೆಯೇ?
– ಒಬ್ಬ ಓದುಗರು, ಡೊಂಬಿವಲಿ

ಉತ್ತರ: ಇದೆ. ದರಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ಪ್ರತಿಯೊಬ್ಬ ನೌಕರರೂ ದಿನಕ್ಕೆ ಎಷ್ಟು ಕರೆಗಳಿಗೆ ಉತ್ತರಿಸುತ್ತಾರೆಂಬುದನ್ನು ಒಂದು ವಾರ ಬರೆದಿಡಲು ಹೇಳಿರಿ. ದಿನಕ್ಕೆ ಏಳೆಂಟು ಕರೆ ಮಾಡುವವರಿಗೆ ಮೇಜಿನ ಸೆಟ್ಟು ಬೇಕಾಗಿಯೇ ಇಲ್ಲ. ಅವರ ಲ್ಯಾಪ್‌ಟಾಪಿನಲ್ಲಿ ಲಿನ್‌ಫೋನ್ ಅಥವಾ ಜೋಯ್ಪರ್‌ನಂಥ ತಂತ್ರಾಂಶವನ್ನು ಹಾಕಿಕೊಟ್ಟು, ಉಳಿದ ಹಣದಲ್ಲಿ ಒಳ್ಳೆಯ ಯುಎಸ್‌ಬಿ ಹೆಡ್‌ಸೆಟ್ ಕೊಡಿಸಿದರೆ ಸಾಕು. ಸೆಟ್ಟು ಬೇಕಾಗುವುದು ಅರ್ಧ ದಿನ ಫೋನಿನಲ್ಲೇ ಕಳೆಯುವವರಿಗೆ. ರಿಟರ್ನ್ ಸಲ್ಲಿಕೆಯ ಕೊನೆಯ ವಾರದಲ್ಲಿ, ಲ್ಯಾಪ್‌ಟಾಪ್ ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಮಾಡಿಕೊಳ್ಳುತ್ತ ಕೂತಿರುವಾಗಲೂ ಮೇಜಿನ ಫೋನು ಹೊಡೆದುಕೊಳ್ಳುತ್ತದೆ. ಕರೆಯನ್ನು ತಡೆಹಿಡಿಯುವುದಕ್ಕೂ ಮತ್ತೊಬ್ಬರಿಗೆ ವರ್ಗಾಯಿಸುವುದಕ್ಕೂ ಗುಂಡಿ ಬೆರಳಿನಡಿಯಲ್ಲೇ ಇರುತ್ತದೆ. ನಿಮ್ಮ ಕಚೇರಿಯ ಗಾತ್ರಕ್ಕೆ ಬಹುಶಃ ಇಂಥ ಎರಡು ಸೆಟ್ಟುಗಳು ಸಾಕಾದಾವು.

ಸೆಟ್ಟು ಆರಿಸುವಾಗ ಪರದೆಯ ಬಣ್ಣವನ್ನು ಮರೆತುಬಿಡಿರಿ. ಅದು ಇಂಟರ್‌ನೆಟ್ ಕರೆಗಳನ್ನು ಕೂಡಿಸುವ ‘ಸಿಪ್’ ಎಂಬ ಸಾರ್ವತ್ರಿಕ ನಿಯಮಾವಳಿಯಂತೆ ಕೆಲಸ ಮಾಡಬೇಕು ಮತ್ತು ಯಾವುದೇ ಒಂದು ಸೇವಾದಾರರಿಗೆ ಬೀಗ ಹಾಕಿದ್ದಾಗಿರಬಾರದು. ನಾಳೆ ಸೇವಾದಾರರನ್ನು ಬದಲಾಯಿಸಿದರೆ ಸೆಟ್ಟನ್ನು ಎಸೆಯುವ ಪ್ರಮೇಯ ಆಗ ಬರುವುದಿಲ್ಲ. ಎರಡು ಲೈನುಗಳಿರುವ ಸೆಟ್ಟು ಸಾಕು. ಹೆಡ್‌ಸೆಟ್ ಸಿಕ್ಕಿಸುವ ಕಿಂಡಿ, ಧ್ವನಿ ಸ್ವಚ್ಛವಾಗಿ ಕೇಳಿಸುವ ಜಿ.722 ಕೊಡೆಕ್ (ಧ್ವನಿಯನ್ನು ಅಂಕಿಗಳಾಗಿ ಬದಲಿಸುವ ವಿಧಾನ), ಹಿಂಭಾಗದಲ್ಲಿ ಎರಡು ನೆಟ್‌ವರ್ಕ್ ಕಿಂಡಿಗಳು, ಇಷ್ಟನ್ನು ನೋಡಿಕೊಳ್ಳಿರಿ. ಎರಡನೆಯ ಕಿಂಡಿ ಇದ್ದರೆ ರೂಟರಿನಿಂದ ಬಂದ ಒಂದೇ ತಂತಿ ಫೋನಿನ ಮೂಲಕ ಹಾದು ಲ್ಯಾಪ್‌ಟಾಪಿಗೂ ಹೋಗುತ್ತದೆ. ಮುಂಬಯಿಯ ಒಂದು ಕೋಣೆಯ ಮನೆಯಲ್ಲಿ ಇದು ಸಣ್ಣ ಅನುಕೂಲವಲ್ಲ. ಗ್ರ್ಯಾಂಡ್‌ಸ್ಟ್ರೀಮ್, ಯೀಲಿಂಕ್, ಫ್ಯಾನ್‌ವಿಲ್ ಮತ್ತು ನಮ್ಮದೇ ವಡೋದರಾದ ಮ್ಯಾಟ್ರಿಕ್ಸ್ ಕಂಪನಿಗಳು ಇಂಥ ಫೋನುಗಳನ್ನು ಮಾಡುತ್ತವೆ. ಕಪ್ಪುಬಿಳುಪು ಪರದೆಯ ಆರಂಭಿಕ ಮಾದರಿಗೆ ಸುಮಾರು 3,000ದಿಂದ 5,000 ರೂಪಾಯಿಯ ಅಂದಾಜು ಇಟ್ಟುಕೊಳ್ಳಬಹುದು.

ಕೊಳ್ಳುವವರು ಎಡವುವುದು ಅಡಾಪ್ಟರಿನ ವಿಷಯದಲ್ಲಿ. ದೊಡ್ಡ ಕಚೇರಿಗಳಲ್ಲಿ ನೆಟ್‌ವರ್ಕ್ ತಂತಿಯಲ್ಲೇ ವಿದ್ಯುತ್ತೂ ಹರಿದುಬರುವ ವ್ಯವಸ್ಥೆ ಇರುತ್ತದೆ, ಅದನ್ನು ಪಿಓಇ ಎನ್ನುತ್ತಾರೆ; ಆ ಕಾರಣಕ್ಕೆ ಎಷ್ಟೋ ಮಾದರಿಗಳನ್ನು ಅಡಾಪ್ಟರ್ ಇಲ್ಲದೆಯೇ ಮಾರುತ್ತಾರೆ. ಮನೆಯ ರೂಟರಿನಲ್ಲಿ ಸಾಮಾನ್ಯವಾಗಿ ಈ ವ್ಯವಸ್ಥೆ ಇರುವುದಿಲ್ಲ. ನಾನೇ ಒಮ್ಮೆ ಪೆಟ್ಟಿಗೆ ಬಿಚ್ಚಿ, ಸೆಟ್ಟು, ಸ್ಟ್ಯಾಂಡು, ಸುರುಳಿ ತಂತಿ ಎಲ್ಲವನ್ನೂ ಜೋಡಿಸಿ, ತಂತಿ ಸಿಕ್ಕಿಸಿ ಹತ್ತು ನಿಮಿಷ ಕಾದು ಕೂತವನು. ತಳದಲ್ಲಿ 5 ವೋಲ್ಟಿನ ಗುಂಡು ತೂತು ಕಂಡ ಮೇಲೆಯೇ ಬುದ್ಧಿ ಬಂದದ್ದು. ಬಿಲ್ಲಿನಲ್ಲಿ ‘ಅಡಾಪ್ಟರ್ ಸಹಿತ’ ಎಂದು ಬರೆಸಿಕೊಳ್ಳಿರಿ.

ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕಚೇರಿಗಳಿಂದ ತೆಗೆದ ಹಳೆಯ ಸಿಸ್ಕೋ ಸೆಟ್ಟುಗಳು ಕಡಿಮೆ ಬೆಲೆಗೆ ಕಣ್ಣಿಗೆ ಬಿದ್ದರೆ ಆಸೆಪಡಬೇಡಿರಿ. ಅವುಗಳಲ್ಲಿ ಹಲವು ಆ ಕಂಪನಿಯ ಸ್ವಂತ ಭಾಷೆಯಾದ ಎಸ್‌ಸಿಸಿಪಿಯಲ್ಲಿ ಮಾತಾಡುವಂಥವು. ಒಳಗಿನ ತಂತ್ರಾಂಶವನ್ನು ಬದಲಾಯಿಸದೆ ಅವು ಸಾಮಾನ್ಯ ಸಿಪ್ ಸೇವೆಗೆ ಹೊಂದುವುದಿಲ್ಲ, ಬದಲಾಯಿಸುವ ಕೆಲಸವೋ ಉಳಿಸಿದ ಹಣಕ್ಕಿಂತ ದುಬಾರಿ.

ಇಂಟರ್‌ನೆಟ್ಟಿನ ವೇಗದ ಬಗ್ಗೆ ಅತಿಯಾಗಿ ಚಿಂತಿಸಬೇಕಿಲ್ಲ. ಜಿ.711 ಕೊಡೆಕ್‌ನಲ್ಲಿ ಒಂದು ಕರೆಗೆ ಹೋಗಲು ಬರಲು ತಲಾ ಸೆಕೆಂಡಿಗೆ ಸುಮಾರು 87 ಕಿಲೋಬಿಟ್ ಸಾಕು. ಹಳೆಯ ಬ್ರಾಡ್‌ಬ್ಯಾಂಡಿಗೂ ಅದು ಭಾರವಲ್ಲ. ಧ್ವನಿ ಕೆಡುವುದು ವಿಳಂಬದಿಂದ. ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲುಪಲು 150 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯದಿದ್ದರೆ ಒಳ್ಳೆಯದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಹೇಳುತ್ತದೆ. ಅದನ್ನು ಮೀರಿದಂತೆ ಇಬ್ಬರೂ ಒಟ್ಟಿಗೆ ಮಾತು ಶುರುಮಾಡಿ, ಒಟ್ಟಿಗೆ ನಿಲ್ಲಿಸಿ, ‘ಹೇಳಿ, ನೀವು ಹೇಳಿ’ ಎನ್ನುತ್ತ ಉಳಿಯುತ್ತಾರೆ. ಪಕ್ಕದ ಕೋಣೆಯಲ್ಲಿ ಯಾರೋ ಮದುವೆಯ ವಿಡಿಯೋ ಅಪ್‌ಲೋಡ್ ಮಾಡುತ್ತಿದ್ದರೆ ರೂಟರಿನಲ್ಲಿ ಸರತಿ ಬೆಳೆದು ಹೀಗಾಗುವುದುಂಟು. ಧ್ವನಿಗೆ ಮೊದಲ ಆದ್ಯತೆ ಕೊಡುವ ಕ್ಯೂಓಎಸ್ ಸೌಲಭ್ಯ ರೂಟರಿನಲ್ಲಿದ್ದರೆ ಚಾಲೂ ಮಾಡಿಸಿರಿ. ಫೋನಿಗೆ ವೈ-ಫೈ ಬದಲು ತಂತಿಯನ್ನೇ ಎಳೆಸಿರಿ. ಅಗ್ಗದ ಸೆಟ್ಟುಗಳಲ್ಲಿ ಬಹಳಷ್ಟಕ್ಕೆ ವೈ-ಫೈ ಇರುವುದೂ ಇಲ್ಲ.

022 ಸಂಖ್ಯೆಯನ್ನು ಪರವಾನಗಿ ಪಡೆದ ದೂರಸಂಪರ್ಕ ಸಂಸ್ಥೆಯಿಂದಲೇ ಪಡೆಯಬೇಕು. ನೌಕರರು ಮನೆಯಿಂದ ಆ ಸಂಖ್ಯೆಯನ್ನು ಬಳಸಲು ಅಡ್ಡಿಯಿಲ್ಲವೆಂದು ಆ ಸಂಸ್ಥೆಯಿಂದ ಲಿಖಿತವಾಗಿ ಪಡೆದುಕೊಂಡ ಮೇಲಷ್ಟೇ ಹಣ ಕಟ್ಟಿರಿ. ಇನ್ನೊಂದು ಮಾತು: 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡುವಾಗ ಮೊದಲು 0 ಒತ್ತಬೇಕು. ಕಕ್ಷಿಗಾರರ ಸಂಖ್ಯೆಗಳನ್ನು ಸೆಟ್ಟಿಗೆ ತುಂಬಿಸುವಾಗ ಇದನ್ನು ಮರೆತರೆ, ಫೋನೇ ಕೆಟ್ಟಿದೆಯೆಂದು ಮೊದಲ ದಿನವೇ ನಿಮಗೆ ದೂರು ಬಂದೀತು.

ಪ್ರಶ್ನೆ: ಕಂಪನಿ ಕೊಟ್ಟ ಐಪಿ (ಇಂಟರ್‌ನೆಟ್) ಫೋನನ್ನು ಪುಣೆಯ ಕೋಥ್ರೂಡ್‌ನ ನಮ್ಮ ಮನೆಯಲ್ಲಿ ಜೋಡಿಸಿದ್ದೇನೆ. ಕೆಲವೊಮ್ಮೆ ಎದುರಿನವರ ಮಾತು ನನಗೆ ಕೇಳುತ್ತದೆ, ನನ್ನದು ಅವರಿಗೆ ಕೇಳುವುದಿಲ್ಲ. ಕೆಲವು ಕರೆಗಳು ಅರ್ಧ ನಿಮಿಷಕ್ಕೆ ಕಡಿದುಹೋಗುತ್ತವೆ. ಬೇರೆ ಫೋನು ಕೊಳ್ಳಬೇಕೇ?
– ಒಬ್ಬ ಓದುಗರು, ಪುಣೆ

ಉತ್ತರ: ಫೋನಿನದು ತಪ್ಪಿರಲಾರದು. ಕರೆಯನ್ನು ಕೂಡಿಸುವ ಸಂದೇಶಗಳು ಒಂದು ದಾರಿಯಲ್ಲಿ, ಧ್ವನಿ ಇನ್ನೊಂದು ದಾರಿಯಲ್ಲಿ ಹೋಗುತ್ತವೆ. ಧ್ವನಿಯನ್ನು ಎಲ್ಲಿಗೆ ಕಳುಹಿಸಬೇಕೆಂಬ ವಿಳಾಸ ಕೂಡಿಸುವ ಸಂದೇಶದ ಒಳಗೇ ಬರೆದಿರುತ್ತದೆ. ಮನೆಯ ರೂಟರುಗಳಲ್ಲಿ ‘ಸಿಪ್ ಎಎಲ್‌ಜಿ’ ಎಂಬ ಸೌಲಭ್ಯವೊಂದು, ಉಪಕಾರ ಮಾಡುವ ಭರದಲ್ಲಿ, ಲಕೋಟೆ ಒಡೆದು ಒಳಗಿನ ವಿಳಾಸವನ್ನು ತಿದ್ದುತ್ತದೆ ಮತ್ತು ಎಷ್ಟೋ ಸಲ ತಪ್ಪಾಗಿ ತಿದ್ದುತ್ತದೆ. ನಿಮ್ಮ ಕರೆಗಳು ಸುಮಾರು 32 ಸೆಕೆಂಡಿಗೆ ಕಡಿಯುತ್ತಿದ್ದರೆ ಅದೇ ಒಳ್ಳೆಯ ಸುಳಿವು: ಕರೆ ಸ್ವೀಕರಿಸಿದ್ದಕ್ಕೆ ಬರಬೇಕಾದ ಖಾತರಿಗಾಗಿ ಸಿಪ್ ನಿಯಮದಂತೆ ಕಾಯುವ ಅವಧಿ ಅಷ್ಟೇ, ಖಾತರಿ ದಾರಿ ತಪ್ಪಿದರೆ ಕರೆ ಬೀಳುತ್ತದೆ. ರೂಟರಿನ ಸೆಟ್ಟಿಂಗ್ ಪುಟದಲ್ಲಿ ಸಿಪ್ ಎಎಲ್‌ಜಿಯನ್ನು ನಿಲ್ಲಿಸಿ, ರೂಟರನ್ನೂ ಫೋನನ್ನೂ ಒಮ್ಮೆ ಬಂದ್ ಮಾಡಿ ಚಾಲೂ ಮಾಡಿರಿ. ಸುಮ್ಮನೆ ಬಿಟ್ಟ ಸ್ವಲ್ಪ ಹೊತ್ತಿಗೆ ಒಳಬರುವ ಕರೆಗಳು ನಿಲ್ಲುತ್ತಿದ್ದರೆ, ಸಂಪರ್ಕ ಜೀವಂತವಾಗಿರಲೆಂದು ಫೋನು ಆಗಾಗ ಕಳುಹಿಸುವ ಸಂದೇಶದ ಅಂತರವನ್ನು, ಅಂದರೆ ‘ಕೀಪ್-ಅಲೈವ್’ ಅವಧಿಯನ್ನು, 30 ಸೆಕೆಂಡಿಗೆ ಇಳಿಸಿರಿ.

ಇಷ್ಟಾದ ಮೇಲೂ ನಿಮ್ಮೂರಿನ ಗುರುವಾರದ ಕರೆಂಟು ಉಳಿಯಿತು. ದುರಸ್ತಿಗೆಂದು ವಿದ್ಯುತ್ ತೆಗೆದಾಗ ರೂಟರೂ ಫೋನೂ ಎರಡೂ ಸಾಯುತ್ತವೆ. ರೂಟರಿಗೆಂದೇ ಬರುವ ಚಿಕ್ಕ ಯುಪಿಎಸ್ ಕೊಳ್ಳುವಾಗ 12 ವೋಲ್ಟಿನ ಜೊತೆ 5 ವೋಲ್ಟಿನ ಕಿಂಡಿಯೂ ಇರುವುದನ್ನು ಕೇಳಿರಿ. ಬುಧವಾರ ಪೇಠೆಯ ತಪಕೀರ ಗಲ್ಲಿಗೆ ಹೋಗುವಾಗ ಎರಡೂ ಅಡಾಪ್ಟರುಗಳನ್ನು ಚೀಲದಲ್ಲಿ ಒಯ್ದು, ಅಂಗಡಿಯಲ್ಲೇ ವೋಲ್ಟೇಜನ್ನೂ ಪಿನ್ನನ್ನೂ ತಾಳೆ ನೋಡಿರಿ. 5 ವೋಲ್ಟಿನ ಫೋನಿಗೆ 12 ವೋಲ್ಟ್ ಕೊಟ್ಟರೆ ಅದು ಅಲ್ಲಿಗೆ ಮುಗಿಯಿತು.

ಪ್ರಶ್ನೆ: ಹುಬ್ಬಳ್ಳಿಯ ಸಾರಿಗೆ ಸಂಸ್ಥೆಯೊಂದರ ಲಾರಿ ಬುಕಿಂಗನ್ನು ಗೋವೆಯ ವಾಸ್ಕೋದಲ್ಲಿರುವ ನನ್ನ ಮನೆಯಿಂದ ನೋಡಿಕೊಳ್ಳುತ್ತೇನೆ. ಸಂಸ್ಥೆಯವರು ಸಿಪ್ ಖಾತೆ ಕೊಟ್ಟಿದ್ದಾರೆ. ಮನೆಯಲ್ಲಿ ಸುಸ್ಥಿತಿಯ ಹಳೆಯ ಲ್ಯಾಂಡ್‌ಲೈನ್ ಸೆಟ್ಟು ಇದೆ. ಅದನ್ನೇ ಬಳಸಬಹುದೇ?
– ಒಬ್ಬ ಓದುಗರು, ವಾಸ್ಕೋ

ಉತ್ತರ: ಧಾರಾಳವಾಗಿ. ಎಟಿಎ ಎಂಬ ಅಂಗೈಯಗಲದ ಪೆಟ್ಟಿಗೆಯೊಂದು ರೂಟರಿಗೂ ಹಳೆಯ ಸೆಟ್ಟಿಗೂ ನಡುವೆ ಕೂರುತ್ತದೆ. ಗ್ರ್ಯಾಂಡ್‌ಸ್ಟ್ರೀಮಿನ ಎಚ್‌ಟಿ801 ಇಂಥದ್ದು. ಕೊಳ್ಳುವಾಗ ‘ಎಫ್‌ಎಕ್ಸ್‌ಎಸ್’ ಕಿಂಡಿ ಇರುವುದನ್ನೇ ಕೇಳಿರಿ, ಸೆಟ್ಟು ಸಿಕ್ಕಿಸುವುದು ಅದಕ್ಕೆ. ‘ಎಫ್‌ಎಕ್ಸ್‌ಓ’ ಎಂಬುದು ಹೊರಗಿನ ಟೆಲಿಫೋನ್ ಲೈನಿಗಾಗಿ. ನಿಮ್ಮ ಫೈಬರ್ ಪೆಟ್ಟಿಗೆಯಲ್ಲೇ ಫೋನಿನ ಕಿಂಡಿ ಕಂಡರೆ ಅದು ಸಾಮಾನ್ಯವಾಗಿ ಇಂಟರ್‌ನೆಟ್ ಕೊಟ್ಟವರ ದೂರವಾಣಿ ಸೇವೆಗೆ ಮೀಸಲಾಗಿರುತ್ತದೆ, ಹಾಗಿದ್ದರೆ ಹುಬ್ಬಳ್ಳಿಯ ಖಾತೆ ಅದರಲ್ಲಿ ನಡೆಯುವುದಿಲ್ಲ. ಸೆಟ್ಟು ಗುಂಡಿಯದ್ದಾಗಿದ್ದರೆ ಚಿಂತೆಯಿಲ್ಲ. ಬೆರಳು ಹಾಕಿ ತಿರುಗಿಸುವ ಡಯಲ್ಲಿನದಾದರೆ ಅದನ್ನು ಎಲ್ಲ ಎಟಿಎಗಳೂ ಗುರುತಿಸುವುದಿಲ್ಲವಾದ್ದರಿಂದ ಮೊದಲೇ ವಿಚಾರಿಸಿರಿ. ಮಳೆಗಾಲದಲ್ಲಿ ಗಾಜಿನ ಫೈಬರ್ ಎಳೆಯ ಮೂಲಕ ಸಿಡಿಲಿನ ವಿದ್ಯುತ್ತು ಒಳಗೆ ಬರುವುದಿಲ್ಲ, ಆದರೆ ಗೋಡೆಯ ಪ್ಲಗ್ಗಿನಿಂದ ಬರಬಹುದು. ಗುಡುಗು ಶುರುವಾದರೆ ಎಟಿಎ, ರೂಟರು, ಫೈಬರ್ ಪೆಟ್ಟಿಗೆ ಮೂರರ ಪ್ಲಗ್ಗನ್ನೂ ಕಿತ್ತಿಟ್ಟು, ಅಷ್ಟು ಹೊತ್ತು ಲಾರಿಯವರ ಕರೆಗಳು ನಿಮ್ಮ ಮೊಬೈಲಿಗೆ ತಿರುಗುವಂತೆ ಹುಬ್ಬಳ್ಳಿಯವರಿಂದ ಮೊದಲೇ ಏರ್ಪಾಟು ಮಾಡಿಸಿಕೊಳ್ಳಿರಿ.