ಸರೋವರದ ದಡದಲ್ಲಿ ಚರ್ಚ್: ಆಕ್ಷೇಪಕ್ಕೆ ಆಧಾರ ಯಾವುದು?

ಪ್ರಶ್ನೆ: ಅಮೆರಿಕದಲ್ಲಿ ಸರೋವರದ ಪಕ್ಕ ಚರ್ಚ್ ಕಟ್ಟುವ ಯೋಜನೆಯನ್ನು ನೆರೆಹೊರೆಯವರು ವಿರೋಧಿಸಿದರೆ ಸ್ಥಳೀಯ ಆಡಳಿತ ಅನುಮತಿ ನಿರಾಕರಿಸಬಹುದೇ?

ಉತ್ತರ: ಕೇವಲ ವಿರೋಧವಿದೆ ಎಂದು ನಿರಾಕರಿಸುವುದು ಕಷ್ಟ. ಧಾರ್ಮಿಕ ಆಚರಣೆಗೆ ಗಣನೀಯ ಹೊರೆಯಾಗುವ ಭೂಬಳಕೆ ನಿರ್ಬಂಧದ ಹಿಂದೆ ಪ್ರಬಲವಾದ ಸಾರ್ವಜನಿಕ ಹಿತವಿರಬೇಕು, ಅದನ್ನು ಸಾಧಿಸಲು ಇದಕ್ಕಿಂತ ಸೌಮ್ಯವಾದ ದಾರಿ ಇರಬಾರದು ಎನ್ನುತ್ತದೆ 2000ರ ಫೆಡರಲ್ ಕಾಯ್ದೆ. ಆದರೆ ನನ್ನ ನಿಜವಾದ ಕಳವಳ ವಾಹನ ನಿಲುಗಡೆಯ ಜಾಗದ್ದು: ಒಂದು ಎಕರೆ ಡಾಂಬರಿನ ಮೇಲೆ 25 ಮಿ.ಮೀ. ಮಳೆ ಸುರಿದರೆ ಸುಮಾರು ಒಂದು ಲಕ್ಷ ಲೀಟರ್ ನೀರು ಎಣ್ಣೆ, ಹೂಳು, ರಂಜಕವನ್ನು ಹೊತ್ತು ತಗ್ಗಿನತ್ತ ಹರಿಯುತ್ತದೆ. ದಡದಿಂದ ಬಿಡಬೇಕಾದ ಅಂತರ, ಮಳೆನೀರು ಇಂಗಿಸುವ ವ್ಯವಸ್ಥೆ ಮುಂತಾದ ನಿಯಮಗಳು ಅಂಗಡಿ, ಶಾಲೆ, ಚರ್ಚ್ ಎಲ್ಲಕ್ಕೂ ಸಮಾನವಾಗಿದ್ದರೆ, ಅವುಗಳ ಪಾಲನೆಗೆ ಒತ್ತಾಯಿಸಲು ಈ ಕಾಯ್ದೆ ಸಾಮಾನ್ಯವಾಗಿ ಅಡ್ಡಿಯಾಗದು. ನೆರೆಯವರು ಪಟ್ಟು ಹಿಡಿಯಬೇಕಾದುದು ಇಲ್ಲಿಯೇ.