ಹೆಬ್ಬೆಟ್ಟು ಒತ್ತುವಾಗ ಪಕ್ಕದಲ್ಲಿ ಯಾರಿದ್ದರು?

ನಮಸ್ಕಾರ.

ವೈದ್ಯಕೀಯ ಸಂಶೋಧನೆಗೆ ಬಡವರಿಂದ ಒಪ್ಪಿಗೆ ಪಡೆಯುವ ಬಗ್ಗೆ ನೀವು ಬರೆದ ‘ಸಂಶೋಧನೆಗೆ ಸಿಕ್ಕ ಬಡವರು’ ಲೇಖನ ಓದಿದೆ. ಹೀಗೇ ಅಚ್ಚು ಹಾಕಲು ಆಗಲ್ಲ. ವಾಪಸ್ ಕಳಿಸಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ಮೊದಲ ಪುಟಗಳ ನ್ಯೂರೆಂಬರ್ಗ್, ಹೆಲ್ಸಿಂಕಿ ಸಂಶೋಧನಾ ನೀತಿಸಂಹಿತೆ ಎಲ್ಲ ಪಠ್ಯಪುಸ್ತಕದಲ್ಲಿ ಸಿಗುತ್ತದೆ, ತೆಗೆಯಿರಿ. ಅಮೆರಿಕದ ಟಸ್ಕೆಗೀಯಲ್ಲಿ ಕಪ್ಪು ಗಂಡಸರ ಮೇಲೆ ನಡೆದ ಸಿಫಿಲಿಸ್ ಅಧ್ಯಯನ ಇರಲಿ. ಆದರೆ 1932ರಿಂದ 1972 ಅಂತ ಇಸವಿ ಹೇಳಿ ಸುಮ್ಮನಾಗಿದ್ದೀರಿ. ಸಿಫಿಲಿಸ್ ಎಂಬ ಲೈಂಗಿಕ ರೋಗಕ್ಕೆ ಪೆನಿಸಿಲಿನ್ ಮದ್ದು ಅಂತ 1940ರ ದಶಕದಲ್ಲೇ ಗೊತ್ತಾಗಿತ್ತು. ಆದರೂ ಆ ಬಡ ಕಪ್ಪು ಗಂಡಸರಿಗೆ ಕೊಡಲಿಲ್ಲ. ಅದನ್ನೇ ಬಿಟ್ಟರೆ ಹೇಗೆ?

ಲೇಖನದ ಜೀವ ಇರುವುದು ಕೊನೆಯ ಪುಟದಲ್ಲಿ. ಹಾವೇರಿ ಕಡೆಯ ಹಳ್ಳಿ, ಅಂಗನವಾಡಿ ಕಟ್ಟೆ. ಆ ಹೆಣ್ಣುಮಗಳು ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಾಳೆ. ಅವಳಿಗೆ ಕೂಲಿ ಕೊಡುವ ಸಾಹುಕಾರರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು, ‘ಒತ್ತವಾ, ಛಲೋ ಆಗ್ತದ’ ಅನ್ನುತ್ತಾರೆ. ಸಾಕ್ಷಿ ಸಹಿಯೂ ಅವರದೇ! ಇದನ್ನು ಎರಡು ಸಾಲಲ್ಲಿ ಮುಗಿಸಿ, ‘ಅನಕ್ಷರತೆಯೇ ಕಾರಣ’ ಅಂತ ಷರಾ ಬರೆದಿದ್ದೀರಿ. ನಾನು ಒಪ್ಪಲ್ಲ. ಅದೇ ಹೊಲದಲ್ಲಿ ಕೂಲಿ ಮಾಡುವ ಪದವೀಧರನಿಗೂ ಅವರೆದುರು ‘ಒಲ್ಲೆ’ ಅನ್ನುವುದು ಕಷ್ಟ, ಅಲ್ವಾ?

ಓದು ಬಾರದವರಿಂದ ಒಪ್ಪಿಗೆ ಪಡೆಯುವಾಗ, ಯಾರ ಹಂಗೂ ಇಲ್ಲದ ಸಾಕ್ಷಿ ಉದ್ದಕ್ಕೂ ಇರಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಹೇಳುತ್ತದೆ. ಇಲ್ಲಿ ನಿಲ್ಲಿ. ಒಲ್ಲೆ ಅಂದಿದ್ದರೆ ಮರುದಿನ ಕೂಲಿ ಸಿಗುತ್ತಿತ್ತಾ? ರಕ್ತ ಯಾಕೆ ತೆಗೆದರು, ಅವಳಿಗೆ ಗೊತ್ತಾ? ಯಾವಾಗ ಬೇಕಾದರೂ ಬಿಡಬಹುದು ಅಂತ ಯಾರಾದರೂ ಹೇಳಿದ್ದರಾ? ಹೋಗಿ ಕೇಳಿ.

ಖಮ್ಮಂನಲ್ಲಿ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿದ ಪ್ರಕರಣವನ್ನು ಇದರ ಜೊತೆ ಇಡಿ. ಅಂದಿನ ಆಂಧ್ರದ 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ದರು ಅಂತ 2013ರ ಸಂಸದೀಯ ಸಮಿತಿ ವರದಿಯಲ್ಲಿದೆ. ಅಲ್ಲಿ ವಾರ್ಡನ್, ಇಲ್ಲಿ ಸಾಹುಕಾರರು. ಅನ್ನ ಅವರ ಕೈಯಲ್ಲಿತ್ತು.

ಇನ್ನೊಂದು ಮಾತು, ಬೇಜಾರಾದರೂ ಹೇಳಲೇಬೇಕು. ಆ ಹೆಣ್ಣುಮಗಳ ಊರು, ಗಂಡನ ಹೆಸರು, ಕಾಯಿಲೆ ಎಲ್ಲ ಬರೆದಿದ್ದೀರಿ. ಸಣ್ಣ ಊರಲ್ಲಿ ಇಷ್ಟು ಸಾಕು, ಎಲ್ಲರಿಗೂ ಗುರುತು ಸಿಗುತ್ತದೆ. ತೆಗೆದುಹಾಕಿ. ತನ್ನ ಮಾತು ಪತ್ರಿಕೆಯಲ್ಲಿ ಬರುತ್ತದೆ ಅಂತ ಅವಳಿಗೆ ಗೊತ್ತಿತ್ತಾ? ತಿದ್ದಿದ ಮೇಲೆ ಅವಳೊಬ್ಬಳೇ ಇರುವಾಗ ಪೂರ್ತಿ ಓದಿ ಹೇಳಿ. ಬೇಡ ಅಂದರೆ ಆ ಭಾಗ ಬೇಡವೇ ಬೇಡ, ಲೇಖನ ಎಷ್ಟೇ ಸೊರಗಲಿ. ಒಪ್ಪಿದರೆ ಧಾರವಾಡದ ವಿಳಾಸಕ್ಕೆ ಕಳಿಸಿ. 900 ಪದ ಸಾಕು.

ಸಂಪಾದಕ