ಓದಿದ್ದು ತಲೆಗೆ ಹತ್ತುತ್ತಿಲ್ಲ ಎಂದು ಬಂದ ನರ್ಸ್

ನಾನು ಕೌನ್ಸೆಲಿಂಗ್ ಮಾಡುವವಳು. ಇಂಥ ಪ್ರಕರಣ ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಮನೆಯವರು ಕರೆದುಕೊಂಡು ಬರುತ್ತಾರೆ. "ಮಂಕಾಗಿದ್ದಾಳೆ, ಯಾರ ಜೊತೆಗೂ ಸೇರಲ್ಲ, ಕರೆದ್ರೆ ತಿರುಗಿ ಕೂಡ ನೋಡಲ್ಲ, ಡಿಪ್ರೆಷನ್ ಇರಬೇಕು" ಅಂತಾರೆ. ಅಷ್ಟರಲ್ಲಿ ರಕ್ತ ಪರೀಕ್ಷೆ ಆಗಿರುತ್ತೆ, ಥೈರಾಯ್ಡ್ ನೋಡಿಸಿರುತ್ತಾರೆ, ಹರಕೆಯನ್ನೂ ಹೊತ್ತಿರುತ್ತಾರೆ. ಕಿವಿ ಮಾತ್ರ ಯಾರೂ ನೋಡಿಸಿರುವುದಿಲ್ಲ. ಅಜ್ಜ ಅಜ್ಜಿಯಾದರೆ ಹೇಗೋ ಹೊಳೆಯುತ್ತೆ. ಇಪ್ಪತ್ತೈದು ದಾಟಿದ ಹುಡುಗಿಯಾದರೆ ಹೊಳೆಯೋದೇ ಇಲ್ಲ.

ಈ ಸಲ ಬಂದವಳು ಸ್ವತಃ ನರ್ಸ್. ಕಿವಿಯ ಪಾಠವನ್ನು ಬಾಯಿಪಾಠ ಮಾಡಿಕೊಂಡಿದ್ದವಳು. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಲತಾ ಅಂದುಕೊಳ್ಳಿ.

ಹಿನ್ನೆಲೆ ಹೆಚ್ಚೇನಿಲ್ಲ. ಖಾಸಗಿ ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ. ಜೊತೆಗೆ ಸರ್ಕಾರಿ ಸ್ಟಾಫ್ ನರ್ಸ್ ಪರೀಕ್ಷೆಗೆ ತಯಾರಿ. ವಾರಕ್ಕೊಮ್ಮೆ ರಿವಿಷನ್ ಕ್ಲಾಸು, ಅಲ್ಲಿ ನರ್ಸಿಂಗ್ ರಿಸರ್ಚ್, ಇ.ಎನ್.ಟಿ, ಸೈಕಿಯಾಟ್ರಿಕ್ ನರ್ಸಿಂಗ್ ಎಲ್ಲ ಒಂದರ ಹಿಂದೆ ಒಂದು ಓಡಿಸುತ್ತಾರೆ. ಕ್ಲಾಸಲ್ಲಿ ಕೂತರೆ ತಲೆ ಖಾಲಿ ಆಗುತ್ತೆ, ರಾತ್ರಿ ನಿದ್ದೆ ಇಲ್ಲ, ಸುಮ್ನೆ ಅಳು ಬರುತ್ತೆ, ವಾರ್ಡಿನಲ್ಲಿ ಎಲ್ಲರೂ ತನ್ನ ಬಗ್ಗೆಯೇ ಪಿಸುಗುಡುತ್ತಾರೆ ಅನ್ನಿಸುತ್ತೆ. ಇದು ಅವಳ ದೂರು. ಒಬ್ಬ ವೈದ್ಯರು ಖಿನ್ನತೆಗೆ ಮಾತ್ರೆ ಶುರು ಮಾಡಿ, ಕೌನ್ಸೆಲಿಂಗ್ ಕೂಡ ಮಾಡಿಸಿ ಅಂತ ಕಳಿಸಿದ್ದರು. ಖಿನ್ನತೆ ಎಷ್ಟಿದೆ ಅಂತ ಅಳೆಯುವ ಪಿ.ಎಚ್.ಕ್ಯೂ-9 ಫಾರಂ ತುಂಬಿಸಿದೆ. ಒಂಬತ್ತು ಪ್ರಶ್ನೆ, ಒಂದೊಂದಕ್ಕೂ 0ರಿಂದ 3 ಅಂಕ, ಒಟ್ಟು 27. ಅವಳಿಗೆ 14 ಬಂತು, ಅಂದರೆ ಮಧ್ಯಮ ಮಟ್ಟ. ಸ್ವಲ್ಪ ದಿನ ಬಿಟ್ಟು ಮತ್ತೆ ತುಂಬಿಸಿದಾಗಲೂ 14.

ಏಕಾಗ್ರತೆಗೆ ಏನಾದರೂ ಟೆಕ್ನಿಕ್ ಹೇಳಿಕೊಡಿ ಅನ್ನೋದು ಅವಳ ಬೇಡಿಕೆ. ನಾನು ಕೊಡಲಿಲ್ಲ. ಪರೀಕ್ಷೆಯ ಭಯ ಅಂತ ಬಂದವರ ಹತ್ತಿರ ಭಯದ ಬಗ್ಗೆಯೇ ಮಾತಾಡುತ್ತ ಕೂತರೆ ಆ ಭಯ ಇನ್ನಷ್ಟು ಬಲಿಯುತ್ತೆ ಅನ್ನೋದು ನನ್ನ ನಂಬಿಕೆ. ಇದನ್ನು ಒಪ್ಪದ ಸಹೋದ್ಯೋಗಿಗಳಿದ್ದಾರೆ, ಇರಲಿ. "ಮುಂದಿನ ಸಲ ನೋಟ್ಸ್ ತಗೊಂಡು ಬಾ, ನನಗೆ ಪಾಠ ಮಾಡು" ಅಂದೆ.

ಬಂದಳು. ಮೊದಲು ರಿಸರ್ಚ್ ತೆರೆದಳು. ಒಂದು ಅಳತೆಯ ಸಾಧನ ರಿಲಯಬಲ್ ಅಂದರೇನು, ವ್ಯಾಲಿಡ್ ಅಂದರೇನು ಅಂತ ವಿವರಿಸಿದಳು. ಪ್ರತಿ ಸಲ ಒಂದೇ ಉತ್ತರ ಕೊಟ್ಟರೆ ರಿಲಯಬಲ್, ಅಳೆಯಬೇಕಾದದ್ದನ್ನೇ ಸರಿಯಾಗಿ ಅಳೆದರೆ ವ್ಯಾಲಿಡ್. ಎಷ್ಟು ಸಲ ನಿಂತರೂ ಎರಡು ಕೆಜಿ ಜಾಸ್ತಿ ತೋರಿಸುವ ತೂಕದ ಮಿಷನ್ ರಿಲಯಬಲ್, ಆದರೆ ವ್ಯಾಲಿಡ್ ಅಲ್ಲ. ಪುಸ್ತಕದ ಉದಾಹರಣೆಯೇ, ಆದರೆ ತಡವರಿಸದೆ, ನನಗೆ ತಿಳಿಯುವ ಹಾಗೆ ಹೇಳಿದಳು. ಏಕಾಗ್ರತೆ ಇಲ್ಲದವಳ ಪಾಠ ಅದಾಗಿರಲಿಲ್ಲ. ಆಮೇಲೆ ಮೇಜಿನ ಮೇಲಿದ್ದ ತನ್ನದೇ ಎರಡು ಫಾರಂ ನೋಡಿ ನಕ್ಕಳು. "ಇದೂ ಹಾಗೇ ಇರಬಹುದಲ್ವಾ ಮೇಡಂ? ಎರಡು ಸಲಾನೂ 14. ಏಕಾಗ್ರತೆ ಪ್ರಶ್ನೆಗೆ ನಾನು 3 ಹಾಕಿದೀನಿ. ಆದ್ರೆ ನಿಜ ಹೇಳ್ಬೇಕು ಅಂದ್ರೆ ಓದುವಾಗ ತೊಂದ್ರೆ ಇಲ್ಲ. ಕ್ಲಾಸಲ್ಲಿ ಮಾತ್ರ."

ಅಲ್ಲಿ ನಾನು ಅವಳನ್ನು ನಿಲ್ಲಿಸಿದೆ. ಎಲ್ಲಿ ಸರಿ ಹೋಗುತ್ತೆ, ಎಲ್ಲಿ ಇಲ್ಲ, ಬಿಡಿಸಿ ಹೇಳು ಅಂದೆ. ಪುಸ್ತಕ ಸರಿ. ಇಯರ್‌ಫೋನ್ ಹಾಕಿಕೊಂಡು ಮೊಬೈಲಲ್ಲಿ ನೋಡುವ ಕ್ಲಾಸು ಸರಿ. ಹಾಲಿನಲ್ಲಿ ನಡೆಯುವ ಕ್ಲಾಸು ಇಲ್ಲ, ಮೇಷ್ಟ್ರು ಬೋರ್ಡ್ ಕಡೆ ತಿರುಗಿದರೆ ಏನೂ ತಲೆಗೆ ಹೋಗಲ್ಲ. ಡಾಕ್ಟರ್ ಮಾಸ್ಕ್ ಹಾಕಿಕೊಂಡು ರೌಂಡ್ಸಿಗೆ ಬಂದರೆ ಇಲ್ಲ. ಫೋನು ಎಡಗಿವಿಗೆ ಮಾತ್ರ. "ಬಲಗಿವಿಗೆ ಯಾಕಿಲ್ಲ?" ಅಂದೆ. "ಅಭ್ಯಾಸ ಮೇಡಂ" ಅಂದಳು. ಆದರೆ ಅವಳು ಬಲಗೈಯವಳು, ಬರೆದುಕೊಳ್ಳಲು ಆ ಕೈ ಖಾಲಿ ಬೇಕಲ್ಲ ಅನ್ನುವ ಸಮಾಧಾನವೂ ಅವಳ ಹತ್ತಿರ ಸಿದ್ಧವಾಗಿತ್ತು.

ನಾನು ತಲೆ ತಗ್ಗಿಸಿ ಬರೆದುಕೊಳ್ಳುತ್ತಲೇ, ದನಿ ಏರಿಸದೆ, "ಇ.ಎನ್.ಟಿ ಪಾಠ ತೆಗಿ" ಅಂದೆ. ಉತ್ತರ ಇಲ್ಲ. ತಲೆ ಎತ್ತಿದರೆ ನನ್ನ ಮುಖವನ್ನೇ ನೋಡುತ್ತ ಕಾಯುತ್ತಿದ್ದಳು. ಮುಖ ನೋಡಿಕೊಂಡು ಅದೇ ದನಿಯಲ್ಲಿ ಹೇಳಿದೆ, ಪುಟ ತಿರುಗಿಸಿದಳು.

ಓಟೋಸ್ಕ್ಲೆರೋಸಿಸ್ ಅಂತ ಒಂದು ತಲೆಬರಹ. ಮಧ್ಯಕಿವಿಯಲ್ಲಿ ಸ್ಟೇಪಿಸ್ ಅನ್ನುವ ಮೂಳೆ ಇದೆ, ಮೈಯಲ್ಲೇ ಅತಿ ಚಿಕ್ಕದು. ಅದು ಅಲುಗಾಡದ ಹಾಗೆ ಅಂಟಿಕೊಂಡರೆ ಶಬ್ದ ಒಳಗಿವಿಗೆ ಸರಿಯಾಗಿ ದಾಟುವುದಿಲ್ಲ. ಹೆಂಗಸರಲ್ಲಿ ಜಾಸ್ತಿ, ಇಪ್ಪತ್ತು ಮೂವತ್ತರ ವಯಸ್ಸಲ್ಲಿ ಶುರು, ಮನೆತನದಲ್ಲಿ ಹರಿದುಬರಬಹುದು. ಇಷ್ಟನ್ನೂ ಗಡಗಡ ಓದಿದಳು. ಅದರ ಕೆಳಗೆ ಹಳದಿ ಹೈಲೈಟರ್ ಹಾಕಿದ ಎರಡು ಸಾಲಿದ್ದವು, ಪರೀಕ್ಷೆಯಲ್ಲಿ ಬರುವಂಥವು ಅಂತ. ರೋಗಿ ಮೆಲುದನಿಯಲ್ಲಿ ಮಾತಾಡುತ್ತಾನೆ. ಗದ್ದಲ ಇರುವ ಕಡೆ ಅವನಿಗೆ ಚೆನ್ನಾಗಿ ಕೇಳಿಸುತ್ತದೆ.

ಎರಡನೆಯ ಸಾಲು ಓದಿ ನಿಲ್ಲಿಸಿದಳು. ನಾನು ಏನೂ ಹೇಳಲಿಲ್ಲ.

ಮೊದಲ ದಿನ ಅವಳ ತಾಯಿ ಕೊಟ್ಟ ದೂರುಗಳಲ್ಲಿ "ಬಾಯೊಳಗೇ ಮಾತಾಡ್ತಾಳೆ" ಅನ್ನೋದೂ ಒಂದು. ದನಿ ಇಳಿದಿದೆ ಅಂದರೆ ನಮ್ಮ ಕ್ಷೇತ್ರದಲ್ಲಿ ತಕ್ಷಣ ಖಿನ್ನತೆಯ ಕಡೆ ಕಣ್ಣು ಹೋಗುತ್ತೆ. ಆದರೆ ಈ ಥರದ ಕಿವಿ ತೊಂದರೆಯಲ್ಲಿ ಹೊರಗಿನ ಶಬ್ದ ಕಮ್ಮಿ ಕೇಳಿಸುತ್ತೆ, ಸ್ವಂತ ದನಿ ಮಾತ್ರ ಮೂಳೆಯ ಮೂಲಕ ಒಳಗೇ ಜೋರಾಗಿ ಕೇಳಿಸುತ್ತೆ. ಹಾಗಾಗಿ ಅವರು ದನಿ ತಗ್ಗಿಸಿಕೊಳ್ಳುತ್ತಾರೆ. ಗದ್ದಲದ ವಾರ್ಡಿನಲ್ಲಿ ಉಳಿದವರು ದನಿ ಏರಿಸಿ ಮಾತಾಡುವುದರಿಂದ ಕೇಳಿಸಿಬಿಡುತ್ತೆ. ಹಾಗಾಗಿ ಕಿವಿ ಚೆನ್ನಾಗಿದೆ ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ, ಅವರೂ ಸೇರಿ.

ಸ್ವಲ್ಪ ಹೊತ್ತು ಬಿಟ್ಟು ಅವಳೇ ಹೇಳಿದಳು. ಕಾಲೇಜಿನ ಪ್ರಾಕ್ಟಿಕಲ್‌ನಲ್ಲಿ ರಿನ್ನೆ ಪರೀಕ್ಷೆ ಮಾಡಿಸಿದ್ದರಂತೆ. ಟ್ಯೂನಿಂಗ್ ಫೋರ್ಕ್ ಬಡಿದು ಮೊದಲು ಕಿವಿ ಹಿಂದಿನ ಮೂಳೆಗೆ ಒತ್ತಿ ಹಿಡಿಯುತ್ತಾರೆ, ಆಮೇಲೆ ಕಿವಿ ಮುಂದೆ ತರುತ್ತಾರೆ. ಸರಿಯಾಗಿರುವ ಕಿವಿಗೆ ಮುಂದೆ ತಂದಾಗಲೇ ಚೆನ್ನಾಗಿ ಕೇಳಬೇಕು, ಅದಕ್ಕೆ ಪಾಸಿಟಿವ್ ಅಂತಾರೆ, ಉಲ್ಟಾ ಆದರೆ ನೆಗೆಟಿವ್. "ನನಗೆ ಹಿಂದೆ ಇಟ್ಟಾಗ ಗುಂಯ್ ಅಂತ ಕೇಳ್ತು, ಮುಂದೆ ತಂದಾಗ ಏನೂ ಇಲ್ಲ. ಫ್ರೆಂಡಿಗೆ ಹೇಳ್ದೆ. ಅವಳು ಪಾಸಿಟಿವ್ ಅಂತಲೇ ಬರೆದಳು. ಎಲ್ಲರ ರೆಕಾರ್ಡ್ ಬುಕ್ಕಲ್ಲೂ ಅದೇ ಇತ್ತು ಮೇಡಂ. ನಾರ್ಮಲ್ ಬರೆಯದಿದ್ರೆ ಸಹಿ ಬೀಳಲ್ಲ ಅಂತ." ಆಮೇಲೆ ಮತ್ತೆ ಅಂದಳು, "ಇದೇ ಕೇಸು ಪ್ರಶ್ನೆಪತ್ರಿಕೆಯಲ್ಲಿ ಬಂದಿದ್ರೆ ಕಣ್ಣು ಮುಚ್ಚಿ ಸರಿ ಉತ್ತರಕ್ಕೆ ಟಿಕ್ ಹಾಕ್ತಿದ್ದೆ."

ಅಲ್ಲಿಗೆ ಆ ದಿನದ ಮಾತು ಮುಗಿಯಿತು. ಉಳಿದದ್ದು ಕೆಲಸ.

ಮೊದಲ ಸಲಹೆ, ಬೇರೆ ಏನೇ ಮಾಡುವ ಮುಂಚೆ ಶ್ರವಣ ಪರೀಕ್ಷೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಜನ ಆಯಿಷ್ ಅಂತಾರೆ. ಇಂಥ ಸಂಸ್ಥೆ ಪಕ್ಕದಲ್ಲಿಟ್ಟುಕೊಂಡು ನಾವು ವರ್ಷಗಟ್ಟಲೆ ಊಹೆ ಮಾಡುತ್ತ ಕೂರುವುದು ನನಗೆ ಅರ್ಥವಾಗುವುದಿಲ್ಲ. ಪರೀಕ್ಷೆಯಲ್ಲಿ ಎರಡೂ ಕಿವಿ ಮಂದ ಅಂತ ಬಂತು, ಬಲಗಿವಿಯಲ್ಲಿ 48 ಡೆಸಿಬೆಲ್ ನಷ್ಟ, ಎಡಗಿವಿಯಲ್ಲಿ 40. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ವಿಂಗಡಣೆಯಲ್ಲಿ 35ರಿಂದ 50ರ ಒಳಗಿನದು ಮಧ್ಯಮ. ಇ.ಎನ್.ಟಿ ವೈದ್ಯರು ಓಟೋಸ್ಕ್ಲೆರೋಸಿಸ್ ಇರಬೇಕು ಅಂದರು. ಕಿವಿ ಮಿಷನ್ ಅಥವಾ ಆಪರೇಷನ್, ಎರಡಕ್ಕೂ ದಾರಿ ಇದೆ, ಅವಸರ ಇಲ್ಲ ಅಂದರು.

ಈ ಮಧ್ಯಮ ಅನ್ನೋದೇ ತೊಂದರೆಯ ಜಾಗ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಕಿವಿ ಮಂದ ಅನ್ನಿಸಿಕೊಳ್ಳಲು ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬೆಲ್ ನಷ್ಟ ಇರಬೇಕು, 70 ಆದರೆ ಕಿವುಡು. ಇವಳು ಅದರೊಳಗೆ ಬರುವುದಿಲ್ಲ. ಕಾರ್ಡೂ ಇಲ್ಲ, ಮೀಸಲಾತಿಯೂ ಇಲ್ಲ. ಆದರೆ ಕ್ಲಾಸಿನ ಅರ್ಧ ಮಾತು ಕೇಳಿಸಲ್ಲ. ಇಂಥವರೇ ನಮ್ಮ ಹತ್ತಿರ ಏಕಾಗ್ರತೆ ಇಲ್ಲ ಅಂತ ಬರುವುದು.

ಹಾಗಾದರೆ ಖಿನ್ನತೆ ಸುಳ್ಳಾ? ಅಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು, ಯಾಕೆಂದರೆ ಇದನ್ನು ಓದಿ ಯಾರಾದರೂ ಮಾತ್ರೆ ಬಿಟ್ಟರೆ ಕಷ್ಟ. ಅವಳ ಅಳು ನಿಜ, ನಿದ್ದೆಗೆಟ್ಟಿದ್ದು ನಿಜ. ದಿನವಿಡೀ ಬೇರೆಯವರ ತುಟಿ ನೋಡುತ್ತ, ಕೇಳದ ಅರ್ಧವನ್ನು ಊಹಿಸಿ ತುಂಬಿಕೊಳ್ಳುತ್ತ, ತಪ್ಪಾದರೆ ಬೈಸಿಕೊಳ್ಳುತ್ತ ಇದ್ದರೆ ಯಾರೇ ಆದರೂ ಕುಗ್ಗುತ್ತಾರೆ. ಮಾತ್ರೆ ಕಮ್ಮಿ ಮಾಡೋದು, ಬಿಡೋದು ಮನೋವೈದ್ಯರ ತೀರ್ಮಾನ ಅಂತ ಹೇಳಿ, ಶ್ರವಣ ಪರೀಕ್ಷೆಯ ವರದಿ ಜೊತೆ ಅವರ ಹತ್ತಿರ ಕಳಿಸಿದೆ. ಇನ್ನು ಆ ಪಿಸುಮಾತಿನ ವಿಷಯ. ಬೆನ್ನ ಹಿಂದೆ ಮಾತಾಡುತ್ತಾರೆ ಅಂದ ಕೂಡಲೇ ಸಂಶಯದ ಕಾಯಿಲೆ ಅಂತ ಹಣೆಪಟ್ಟಿ ಕಟ್ಟಬಾರದು. ನಾನು ಕೇಳಿದ್ದು ಒಂದೇ, "ಏನಂತ ಮಾತಾಡ್ತಾರೆ?" "ಗೊತ್ತಾಗಲ್ಲ ಮೇಡಂ, ಅದೇ ಸಮಸ್ಯೆ" ಅಂದಳು. ಅವಳಲ್ಲಿ ಅನುಮಾನ ಇತ್ತು, ಆದರೆ ಇಂಥದ್ದೇ ಅಂತ ಗಟ್ಟಿಯಾಗಿ ನಂಬಿಕೊಂಡಿರಲಿಲ್ಲ. ಆ ವ್ಯತ್ಯಾಸ ದೊಡ್ಡದು.

ಎರಡನೆಯ ಸಲಹೆಗೆ ನನಗೆ ಬೈಗುಳ ಸಿಕ್ಕಿತು. ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿಬಿಡು ಅಂದೆ. ನನ್ನ ಗೆಳತಿಯೊಬ್ಬರು, ಅವರೂ ಇದೇ ಕೆಲಸದವರು, "ಕೆಲಸ ಹೋದ್ರೆ ನೀವು ಕೊಡಿಸ್ತೀರಾ? ಹೇಳೋದು ಬಿಡೋದು ಅವಳ ಹಕ್ಕಲ್ವಾ?" ಅಂದರು. ಹಕ್ಕು ಹೌದು. ಬ್ಯಾಂಕಿನಲ್ಲಿ ಕೆಲಸ ಮಾಡುವವಳಾಗಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ. ಆದರೆ ರಾತ್ರಿ ಎರಡು ಗಂಟೆಗೆ ಫೋನಲ್ಲಿ ಔಷಧಿ ಆರ್ಡರ್ ಬರುತ್ತೆ. ಡೋಪಮಿನ್ ಅಂದರೋ ಡೋಬ್ಯುಟಮಿನ್ ಅಂದರೋ, ಫಿಫ್ಟೀನ್ ಅಂದರೋ ಫಿಫ್ಟಿ ಅಂದರೋ. ಅಲ್ಲಿ ಊಹೆ ಮಾಡಿದರೆ ಹೋಗುವುದು ಬೇರೆಯವರ ಜೀವ. ಹೇಳು ಅಂದದ್ದಷ್ಟೇ ಅಲ್ಲ, ಹೇಗೆ ಹೇಳಬೇಕು ಅಂತ ಇಬ್ಬರೂ ಕೂತು ಬರೆದೆವು. ಫೋನಿನ ಆರ್ಡರ್ ಬರೆದುಕೊಂಡು ವಾಪಸ್ ಓದಿ ಹೇಳುವುದು ಎಲ್ಲ ನರ್ಸ್‌ಗಳೂ ಪಾಲಿಸಬೇಕಾದ ಕ್ರಮವೇ, ಅದನ್ನು ನಾಚಿಕೆ ಇಲ್ಲದೆ ಮಾಡುವುದು. ಅಂಕಿಗಳನ್ನು ಒನ್ ಫೈವ್, ಫೈವ್ ಝೀರೋ ಅಂತ ಬಿಡಿಸಿ ಹೇಳುವುದು. ಬಿಪಿ ನೋಡಲು ಡಿಜಿಟಲ್ ಮಿಷನ್, ಎದೆ ಬಡಿತಕ್ಕೆ ಶಬ್ದ ಹೆಚ್ಚಿಸುವ ಸ್ಟೆತೋಸ್ಕೋಪ್ ಬರುತ್ತೆ, ಅದನ್ನು ಕೇಳಿ ಪಡೆಯುವುದು. ಸಮಸ್ಯೆ ಒಂದನ್ನೇ ತೆಗೆದುಕೊಂಡು ಹೋದರೆ ಮೇಲಿನವರಿಗೆ ಭಯವಾಗುತ್ತೆ, ಏರ್ಪಾಡನ್ನೂ ಜೊತೆಗೇ ತೆಗೆದುಕೊಂಡು ಹೋಗಬೇಕು.

ತಾಯಿಯ ಚಿಂತೆ ಬೇರೆ. "ಕಿವೀಲಿ ಮಿಷನ್ ಹಾಕ್ಕೊಂಡ್ರೆ ಇವಳನ್ನ ಯಾರು ಮದುವೆ ಆಗ್ತಾರೆ ಮೇಡಂ?" ಆಮೇಲೆ ಮಾತಿನ ಮಧ್ಯೆ ತಾವೇ ಹೇಳಿದರು, ಅವರ ಅಕ್ಕನಿಗೂ ಎರಡನೇ ಹೆರಿಗೆ ಆದಮೇಲೆ ಕಿವಿ ಮಂದ ಆಯಿತಂತೆ. ಬಸಿರಿನಲ್ಲಿ ಇದು ಜಾಸ್ತಿ ಆಗುತ್ತದೆ ಅಂತ ಪುಸ್ತಕಗಳು ಬಹಳ ಕಾಲದಿಂದ ಹೇಳುತ್ತ ಬಂದಿವೆ, ಈಚಿನ ಅಧ್ಯಯನಗಳೆಲ್ಲ ಅದನ್ನು ಒಪ್ಪುವುದಿಲ್ಲ. ಹಾಗಿದ್ದರೂ ವಿಷಯವನ್ನು ಮುಚ್ಚಿಡಬೇಡಿ, ನಿಶ್ಚಿತಾರ್ಥಕ್ಕೆ ಮುಂಚೆ ಲತಾಳೇ ಹುಡುಗನಿಗೆ ನೇರವಾಗಿ ಹೇಳಲಿ ಅಂದೆ. ಮದುವೆ ಆದಮೇಲೆ ಅಡುಗೆಮನೆಯಿಂದ ಅತ್ತೆ ಕರೆದು ಇವಳು ಓಗೊಡದಿದ್ದರೆ ಅದಕ್ಕೆ ಸೊಕ್ಕು ಅನ್ನುವ ಹೆಸರು ಬೀಳುತ್ತೆ. ತಾಯಿಗೆ ನನ್ನ ಮಾತು ಹಿಡಿಸಲಿಲ್ಲ. ಈಗಲೂ ಹಿಡಿಸಿಲ್ಲ.

ಮನೆಯಲ್ಲಿ ವಯಸ್ಸಾದವರಿದ್ದರೆ ಅವರಿಗೂ ಇದೇ ಮಾತು. ಅರಳುಮರಳು ಅಂತ ತೀರ್ಮಾನ ಮಾಡುವ ಮುಂಚೆ ಕಿವಿ ನೋಡಿಸಿ. ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗ 2020ರಲ್ಲಿ ಮರೆವಿನ ಕಾಯಿಲೆಗೆ ಸಂಬಂಧಪಟ್ಟ, ನಾವು ಬದಲಿಸಬಹುದಾದ 12 ಅಪಾಯಗಳನ್ನು ಪಟ್ಟಿ ಮಾಡಿತು. 2024ರಲ್ಲಿ ಅವು 14 ಆದವು. ಎರಡರಲ್ಲೂ ಶ್ರವಣ ನಷ್ಟ ಇದೆ. ಹಾಗಂತ ಕಿವಿ ಹೋದವರಿಗೆಲ್ಲ ಮರೆವು ಬರುತ್ತೆ ಅಂತಲ್ಲ. ಎರಡು ಜೊತೆಗಿದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಆಗಲ್ಲ, ಮೂರನೆಯದು ಏನಾದರೂ ಇದೆಯಾ ನೋಡಬೇಕು ಅನ್ನೋದನ್ನು ಲತಾ ನನಗೆ ಪಾಠ ಮಾಡಿದ ದಿನವೇ ಹೇಳಿದ್ದಳು. ನರ್ಸಿಂಗ್ ಕಾಲೇಜಿನ ಮೇಷ್ಟ್ರುಗಳು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಟ್ಯೂನಿಂಗ್ ಫೋರ್ಕ್ ಪ್ರಾಕ್ಟಿಕಲ್ ದಿನ ನೆಗೆಟಿವ್ ಬರೆದ ಹುಡುಗಿಯ ಪುಸ್ತಕಕ್ಕೂ ಸಹಿ ಹಾಕಿ, ಆಮೇಲೆ ಅವಳನ್ನು ಇ.ಎನ್.ಟಿ ಓಪಿಡಿಗೆ ಕಳಿಸಿ. ಮನಸ್ಸು ತೀರಾ ಕುಗ್ಗಿ ರಾತ್ರಿ ಕಳೆಯುವುದೇ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಫೋನಲ್ಲಿ ಕೇಳಿಸದವರ ಪರವಾಗಿ ಮನೆಯವರು ಮಾತಾಡಲಿ.

ಲತಾ ಈಗ ಬಲಗಿವಿಗೆ ಮಿಷನ್ ಹಾಕುತ್ತಾಳೆ. ಮೊದಲ ವಾರ ಸ್ಟೀಲ್ ಟ್ರೇ ಶಬ್ದಕ್ಕೇ ತಲೆನೋವು ಬಂತಂತೆ, ಆಮೇಲೆ ಅಭ್ಯಾಸವಾಯಿತು. ಇನ್‌ಚಾರ್ಜ್ ಸಿಸ್ಟರ್ ಕೆಲಸದಿಂದ ತೆಗೆಯಲಿಲ್ಲ, ಆದರೆ ಐಸಿಯುಗೆ ಹಾಕುವುದನ್ನು ಸದ್ಯಕ್ಕೆ ಮುಂದೂಡಿದರು. ಅದು ನ್ಯಾಯವೋ ಅಲ್ಲವೋ ಅಂತ ನಮ್ಮಿಬ್ಬರಿಗೂ ಇನ್ನೂ ಚರ್ಚೆ ಇದೆ. ಪರೀಕ್ಷೆ ಬರೆದಳು, ಫಲಿತಾಂಶ ಬಂದಿಲ್ಲ. ರಿಸರ್ಚ್ ಭಾಗದಲ್ಲಿ ಟೈಪ್ ಒನ್ ಎರರ್ (ಇಲ್ಲದ್ದನ್ನು ಇದೆ ಅನ್ನುವ ತಪ್ಪು), ಟೈಪ್ ಟು ಎರರ್ (ಇದ್ದದ್ದನ್ನು ಇಲ್ಲ ಅನ್ನುವ ತಪ್ಪು) ಅದಲುಬದಲು ಮಾಡಿ ಬಂದಿದ್ದಾಳೆ. ಅದಕ್ಕೆ ಕಿವಿಯನ್ನು ದೂರಬೇಡ ಅಂದೆ.